ಬೇರೆ ಕಾಯಿಲೆಯವರ ಚರಿತ್ರೆ

ಪ್ಲೇಗು, ಕಾಲರಾ, ಸಿಡುಬು, ಇನ್‌ಫ್ಲುಯೆಂಜಾ, ಕೋವಿಡ್. ಊರಿಗೆ ಊರನ್ನೇ ನಡುಗಿಸಿದ ಇಂತಹ ರೋಗಗಳ ಬಗ್ಗೆ ಬೇಕಾದಷ್ಟು ಬರಹಗಳಿವೆ. ಎಷ್ಟು ಜನಕ್ಕೆ ತಗುಲಿತು, ಎಷ್ಟು ಜನ ತೀರಿಕೊಂಡರು, ಸರಕಾರ ಏನು ಮಾಡಿತು, ಜನ ಎಲ್ಲಿಗೆ ಓಡಿದರು ಎಂಬುದೆಲ್ಲ ದಾಖಲೆಯಲ್ಲಿದೆ. ಆದರೆ ಅದೇ ದಿನಗಳಲ್ಲಿ ಅದೇ ಊರುಗಳಲ್ಲಿ ಎದೆನೋವಿನವರು, ಸಕ್ಕರೆ ಕಾಯಿಲೆಯವರು, ಕ್ಷಯದವರು, ಕಿಡ್ನಿ ಕೆಟ್ಟವರು, ತುಂಬು ಬಸುರಿಯರು ಇದ್ದರಲ್ಲ? ಅವರ ಗತಿ ಏನಾಯಿತು? ದೊಡ್ಡ ರೋಗದ ಗದ್ದಲದಲ್ಲಿ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕಡೂರು, ತರೀಕೆರೆ, ಅಜ್ಜಂಪುರದ ನಮ್ಮ ಸೀಮೆಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ಕೇಳಬೇಕೆಂದಿದ್ದೇವೆ.

ಈ ಸೀಮೆಯೇ ಏಕೆ ಎಂದರೆ, ಇಲ್ಲಿ ದೊಡ್ಡ ಆಸ್ಪತ್ರೆ ಇಲ್ಲ, ದೊಡ್ಡ ರಸ್ತೆ ಮತ್ತು ರೈಲು ಮಾತ್ರ ಇವೆ. ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ಕಡೂರಿನ ಕಡೆ ತೆಂಗು, ಅಜ್ಜಂಪುರದ ಕಡೆ ಈರುಳ್ಳಿ, ತರೀಕೆರೆ ಲಕ್ಕವಳ್ಳಿಯ ಕಡೆ ಅಡಿಕೆ ಮತ್ತು ಕಾಡು. ಒಂದು ಕಾಲಕ್ಕೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. 1865ರಲ್ಲಿ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು. 1947ರಲ್ಲಿ ಜಿಲ್ಲೆಯ ಹೆಸರೂ ಬದಲಾಯಿತು. ಕಚೇರಿ ಹೋದಲ್ಲಿಗೆ ದೊಡ್ಡ ಆಸ್ಪತ್ರೆಯೂ ಹೋಗುತ್ತದೆ. ಹಾಗಾಗಿ ನಮ್ಮ ಕಡೆಯವರಿಗೆ ಕಾಯಿಲೆ ಸ್ವಲ್ಪ ಜೋರಾಯಿತೆಂದರೆ ಪ್ರಯಾಣ ಶುರುವಾಯಿತು ಎಂದೇ ಅರ್ಥ. ಕಡೂರಿನವರು ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗುತ್ತಾರೆ. ತರೀಕೆರೆಯವರು ಬಿ.ಎಚ್. ರಸ್ತೆ ಹಿಡಿದು ಭದ್ರಾವತಿ, ಶಿವಮೊಗ್ಗಕ್ಕೆ ಹೋಗುತ್ತಾರೆ. ಅಜ್ಜಂಪುರದವರಿಗೆ ಶಿವಮೊಗ್ಗವೂ ಒಂದೇ, ದಾವಣಗೆರೆಯೂ ಒಂದೇ. ಅಲ್ಲಿಯೂ ಆಗದಿದ್ದರೆ ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರು. ನಮ್ಮ ಪಾಲಿಗೆ ಆಸ್ಪತ್ರೆ ಎಂದರೆ ಅರ್ಧ ಕಟ್ಟಡ, ಅರ್ಧ ದಾರಿ. ದಾರಿ ಮುಚ್ಚಿತೆಂದರೆ ಆ ಅರ್ಧ ಹೋಯಿತು. ಸಾಂಕ್ರಾಮಿಕ ರೋಗ ಬಂದಾಗ ಸರಕಾರ ಮೊದಲು ಕೈ ಹಾಕುವುದು ದಾರಿಗೆ.

ರೈಲಿನ ಜೊತೆ ಬಂದ ಪ್ಲೇಗು

1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ಮೀಟರ್‌ಗೇಜ್ ರೈಲು ಓಡತೊಡಗಿತ್ತು. ಹರಿಹರ, ದಾವಣಗೆರೆ, ಅಜ್ಜಂಪುರ, ಬೀರೂರು, ಕಡೂರು, ಅರಸೀಕೆರೆ, ತುಮಕೂರು, ಬೆಂಗಳೂರು; ಇದು ಅದರ ಹಾದಿ. ಆಚೆ ಹರಿಹರದಿಂದ ಹುಬ್ಬಳ್ಳಿ, ಧಾರವಾಡ, ಪುಣೆಗೆ ಕೊಂಡಿ. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ ಹಳಿ ಬಂತು. ಜೋಳ, ಅಕ್ಕಿ, ಕಾಫಿ, ಮರಮುಟ್ಟು ಎಲ್ಲವೂ ಈ ದಾರಿಯಲ್ಲಿ ಹೋಗಿ ಬರತೊಡಗಿದವು. ಇಲಿಯೂ ಬಂತು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆ, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ ಆಗಸ್ಟ್ 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಧಾರವಾಡ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದವರ ಜೊತೆಗೆ ಅದು ಬಂತೆಂದು ಅಂದಿನ ವರದಿಗಳು ಹೇಳುತ್ತವೆ. ಎಂದರೆ ಬೆಂಗಳೂರು ತಲುಪುವ ಮೊದಲು ಅದು ಅಜ್ಜಂಪುರ, ಬೀರೂರು, ಕಡೂರಿನ ಸ್ಟೇಷನ್ನುಗಳಲ್ಲಿ ನಿಂತು ಹೊರಟ ಗಾಡಿಯಲ್ಲೇ ಇತ್ತು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಪ್ಲೇಗಿನ ಕೆಲಸಕ್ಕೆಂದೇ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಎಂದು ನೇಮಿಸಲಾಯಿತು. ರೈಲು ಪ್ರಯಾಣಿಕರ ತಪಾಸಣೆ, ಸಂಶಯ ಬಂದವರನ್ನು ಬೇರೆ ಇಡುವುದು, ಮನೆ ಖಾಲಿ ಮಾಡಿಸುವುದು, ಹೆಂಚು ತೆಗೆದು ಬಿಸಿಲು ಬೀಳಿಸುವುದು ಮುಂತಾದ ಕ್ರಮಗಳು ಬಂದವು. ಹಳ್ಳಿಗಳಲ್ಲಿ ಜನ ತಾವೇ ಒಂದು ಕ್ರಮ ಕಂಡುಕೊಂಡರು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು. ತಿಂಗಳುಗಟ್ಟಲೆ ಊರುಗಳು ಬಿಕೋ ಎನ್ನುತ್ತಿದ್ದವು. 'ಪ್ಲೇಗಿನ ವರ್ಷ ಹುಟ್ಟಿದವನು' ಎಂದು ವಯಸ್ಸು ಹೇಳುವ ಮಾತು ಹಿರಿಯರ ಬಾಯಲ್ಲಿ ಬಹಳ ಕಾಲ ಇತ್ತು.

ಇದರಲ್ಲಿ ಬೇರೆ ಕಾಯಿಲೆಯವರ ಪಾಡು ಏನು? ಅದಕ್ಕೆ ನಾವು ಆ ಕಾಲದ ಒಂದು ಭಯವನ್ನು ಅರ್ಥ ಮಾಡಿಕೊಳ್ಳಬೇಕು. ಪ್ಲೇಗಿನ ಗುರುತು ಎರಡು: ಜ್ವರ, ಮತ್ತು ಕಂಕುಳಲ್ಲೋ ತೊಡೆಸಂದಿನಲ್ಲೋ ಗಡ್ಡೆ. ಜ್ವರ ಎನ್ನುವುದು ಕಡೂರು ಜಿಲ್ಲೆಗೆ ಹೊಸತಲ್ಲ. ಮಲೆನಾಡಿನ ಅಂಚಿನ ಈ ಊರುಗಳಲ್ಲಿ ಚಳಿಜ್ವರ, ಅಂದರೆ ಮಲೇರಿಯಾ, ಮನೆಯ ನೆಂಟನಂತೆ ಬಂದು ಹೋಗುತ್ತಿತ್ತು. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಸಾಮಾನ್ಯವಾಗಿತ್ತು. ಕಾಲಿಗೆ ಮುಳ್ಳು ಚುಚ್ಚಿ ಕೀವಾದವನಿಗೂ ತೊಡೆಸಂದಿನಲ್ಲಿ ಗಡ್ಡೆ ಬರುತ್ತದೆ. ಇಂತಹವರು ಆಸ್ಪತ್ರೆಗೆ ಹೋದರೆ 'ಪ್ಲೇಗು' ಎಂದು ಶೆಡ್ಡಿಗೆ ಹಾಕಿದರೆ? ಮನೆಯವರನ್ನೆಲ್ಲ ಕ್ಯಾಂಪಿಗೆ ಸಾಗಿಸಿದರೆ? ಈ ಅಂಜಿಕೆಯಲ್ಲಿ ಜನ ಆಸ್ಪತ್ರೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಮುಂಬಯಿಯಲ್ಲಿ ಅಕ್ಟೋಬರ್ 1896ರಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆಯೇ ನುಗ್ಗಿದ್ದರು. ಮೈಸೂರು ಸೀಮೆಯಲ್ಲಿ ನವೆಂಬರ್ 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗಿನ ಕ್ರಮಗಳ ವಿರುದ್ಧ ದೊಡ್ಡ ಗಲಭೆಯಾಯಿತು. ಹೆಂಗಸರ ಮೈಯನ್ನು ಪರಗಂಡಸರು ಮುಟ್ಟಿ ನೋಡುತ್ತಾರೆ ಎಂಬುದು ಆಗಿನ ದೊಡ್ಡ ದೂರು. ಈ ವಿಷಯದಲ್ಲಿ ಗೋಷಾದಲ್ಲಿದ್ದ ಮುಸಲ್ಮಾನರ ಮನೆಗಳೂ ಮಡಿಯ ಬ್ರಾಹ್ಮಣರ ಮನೆಗಳೂ ಒಂದೇ ದನಿಯಲ್ಲಿ ಮಾತಾಡಿದವು. ಹೀಗೆ ಆಸ್ಪತ್ರೆಗೆ ಹೋಗದೆ ಉಳಿದವರಲ್ಲಿ ಪ್ಲೇಗಿನವರಷ್ಟೇ ಇರಲಿಲ್ಲ. ಕ್ವಿನೈನಿನಿಂದ ಬದುಕಬಹುದಾಗಿದ್ದ ಚಳಿಜ್ವರದವನೂ, ಹೆರಿಗೆ ಕಷ್ಟವಾದವಳೂ ಹೊಲದ ಗುಡಿಸಲಿನಲ್ಲೇ ಇದ್ದರು. ಅವರನ್ನು ನೋಡಿದವರು ಸೂಲಗಿತ್ತಿಯರು, ನಾಟಿ ವೈದ್ಯರು, ಪಂಡಿತರು, ಹಕೀಮರು.

ಇಲ್ಲೊಂದು ತಾರೀಖನ್ನು ನೆನೆಯಬೇಕು. 22 ಜೂನ್ 1897. ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60ನೇ ವರ್ಷದ ಉತ್ಸವದ ದಿನ. ಅಂದು ಬೆಂಗಳೂರಿನಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದರು. ಅದೇ ದಿನ ರಾತ್ರಿ ಪುಣೆಯಲ್ಲಿ, ಪ್ಲೇಗಿನ ಹೆಸರಿನಲ್ಲಿ ಮನೆ ಮನೆ ಶೋಧಿಸಿದ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಒಂದು ಕಡೆ ಆಸ್ಪತ್ರೆ ಏಳುತ್ತಿತ್ತು, ಇನ್ನೊಂದು ಕಡೆ ಆಸ್ಪತ್ರೆಯ ಹೆಸರು ಕೇಳಿದರೆ ಜನ ಹೆದರುತ್ತಿದ್ದರು. ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲು ತೆರೆದದ್ದು ಡಿಸೆಂಬರ್ 1900ರಲ್ಲಿ. ಆ ಆಸ್ಪತ್ರೆಯ ಮಾತು ಮುಂದೆ ಇನ್ನೊಮ್ಮೆ ಬರುತ್ತದೆ.

'ಜ್ವರ' ಎಂಬ ಒಂದೇ ಕಾಲಂ

ಪ್ಲೇಗಾದ 20 ವರ್ಷಕ್ಕೆ, 1918ರಲ್ಲಿ, ಇನ್‌ಫ್ಲುಯೆಂಜಾ ಬಂತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತು. ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಪಡೆ ದೂರದ ಹೈಫಾದಲ್ಲಿ ಕಾದಾಡುತ್ತಿದ್ದಾಗ ಮೈಸೂರು ಸಂಸ್ಥಾನದ ಒಳಗೆ ಈ ಜ್ವರ ಹರಡತೊಡಗಿತ್ತು. ಆ ವರ್ಷ ಮಳೆ ಕೈಕೊಟ್ಟಿತ್ತು. ಧಾನ್ಯದ ಬೆಲೆ ಏರಿತ್ತು. ಇಂಡಿಯಾದಲ್ಲಿ ಒಟ್ಟು 1 ಕೋಟಿ 20 ಲಕ್ಷದಿಂದ 1 ಕೋಟಿ 80 ಲಕ್ಷ ಜನ ಸತ್ತಿರಬಹುದೆಂದು ವಿದ್ವಾಂಸರು ಅಂದಾಜು ಮಾಡುತ್ತಾರೆ. ಮೈಸೂರು ಸಂಸ್ಥಾನವೊಂದರಲ್ಲೇ ಲಕ್ಷಕ್ಕೆ ಮಿಕ್ಕಿ ಜನ ತೀರಿಕೊಂಡರು.

ಅಂದಾಜು ಎಂಬ ಮಾತನ್ನು ಗಮನಿಸಬೇಕು. ಇಷ್ಟು ದೊಡ್ಡ ಸಾವಿನ ಲೆಕ್ಕ ಅಂದಾಜಿನಲ್ಲಿ ಉಳಿದದ್ದು ಹೇಗೆ? ಆಗ ಹಳ್ಳಿಯಲ್ಲಿ ಸತ್ತವರ ವಿವರ ಬರೆಯುತ್ತಿದ್ದುದು ಡಾಕ್ಟರಲ್ಲ. ಅದು ಪಟೇಲ ಶಾನುಭೋಗರ ಕೆಲಸ. ಸಾವಿನ ಕಾರಣಕ್ಕೆ ಕೆಲವೇ ಕಾಲಂ ಇದ್ದವು: ಕಾಲರಾ, ಸಿಡುಬು, ಪ್ಲೇಗು, ಬೇಧಿ, ಜ್ವರ. ಮೈ ಬಿಸಿಯಾಗಿ ಸತ್ತವರೆಲ್ಲ ಜ್ವರದ ಕಾಲಂಗೆ. ಇನ್‌ಫ್ಲುಯೆಂಜಾದವನೂ ಅಲ್ಲೇ, ಮಲೇರಿಯಾದವನೂ ಅಲ್ಲೇ, ಬಾಣಂತಿ ನಂಜಿನಲ್ಲಿ ಹೋದವಳೂ ಅಲ್ಲೇ, ಎಷ್ಟೋ ಸಲ ಕ್ಷಯದವನೂ ಅಲ್ಲೇ. ಹಾಗಾಗಿ ವಿದ್ವಾಂಸರು ಹಿಂದಿನ ವರ್ಷಗಳಲ್ಲಿ ಜ್ವರಕ್ಕೆ ಎಷ್ಟು ಸಾಯುತ್ತಿದ್ದರು ಎಂದು ನೋಡಿ, 1918ರಲ್ಲಿ ಅದಕ್ಕಿಂತ ಹೆಚ್ಚಾದದ್ದನ್ನೆಲ್ಲ ಇನ್‌ಫ್ಲುಯೆಂಜಾದ ಲೆಕ್ಕಕ್ಕೆ ಬರೆದರು. ಬೇರೆ ದಾರಿ ಅವರಿಗಿರಲಿಲ್ಲ. ಆದರೆ ಆ ಹೆಚ್ಚಾದವರಲ್ಲಿ, ಆರೈಕೆ ಸಿಗದೆ ಬೇರೆ ಕಾಯಿಲೆಯಲ್ಲಿ ಸತ್ತವರು ಎಷ್ಟು ಎಂದು ಬಿಡಿಸಿ ಹೇಳುವ ಬಗೆ ಇಲ್ಲ. ಕಡೂರು ಜಿಲ್ಲೆಯಲ್ಲಿ ಈ ಗೋಜಲು ಇನ್ನೂ ಹೆಚ್ಚು. 1901ರಲ್ಲಿ 3 ಲಕ್ಷ 60 ಸಾವಿರದಷ್ಟಿದ್ದ ಇಲ್ಲಿಯ ಜನಸಂಖ್ಯೆ 1921ರ ಹೊತ್ತಿಗೆ 3 ಲಕ್ಷ 30 ಸಾವಿರದ ಆಸುಪಾಸಿಗೆ ಇಳಿದಿತ್ತು. ಇಡೀ ಸಂಸ್ಥಾನದ ಜನಸಂಖ್ಯೆ ನಿಧಾನವಾಗಿಯಾದರೂ ಏರುತ್ತಿದ್ದಾಗ ಈ ಜಿಲ್ಲೆ ಕುಗ್ಗಿತು. ಪ್ಲೇಗು, ಇನ್‌ಫ್ಲುಯೆಂಜಾ, ಇವೆರಡರ ನಡುವೆ ಎಂದೂ ನಿಲ್ಲದ ಮಲೇರಿಯಾ. ಮೂರೂ ಸೇರಿ ತಿಂದವು.

ಆ ಕಾಲದಲ್ಲಿ ಆರೈಕೆ ಎಂದರೆ ಮುಖ್ಯವಾಗಿ ಮನೆಯ ಆರೈಕೆ. ಕಾಯಿಲೆ ಬಿದ್ದವರಿಗೆ ಗಂಜಿ ಕಾಯಿಸಿಕೊಡುವವಳು, ಹಣೆಗೆ ತಣ್ಣೀರು ಬಟ್ಟೆ ಹಾಕುವವಳು, ಮಗ್ಗುಲು ತಿರುಗಿಸುವವಳು ಮನೆಯ ಹೆಂಗಸು. ಇನ್‌ಫ್ಲುಯೆಂಜಾ ಹೊಡೆದದ್ದು ಇಪ್ಪತ್ತರಿಂದ ನಲವತ್ತರ ವಯಸ್ಸಿನವರಿಗೆ ಹೆಚ್ಚು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು ಎಂಬುದು ಅಂದಿನ ವರದಿಗಳಲ್ಲೇ ಇದೆ. ಎಲ್ಲರ ಬಳಿ ಕೂತು ಆರೈಕೆ ಮಾಡಿದವಳಿಗೆ ಎಲ್ಲರ ಉಸಿರೂ ತಗುಲಿತು. ಅವಳು ಮಲಗಿದ ಮೇಲೆ ಆ ಮನೆಯಲ್ಲಿ ಮೊದಲಿನಿಂದ ಹಾಸಿಗೆ ಹಿಡಿದಿದ್ದ ಅತ್ತೆಗೂ, ಚಳಿಜ್ವರದ ಮಗುವಿಗೂ ನೀರು ಕೊಡುವವರಿರಲಿಲ್ಲ. ಬೆಂಗಳೂರಿನಲ್ಲಿ ನಗರಸಭೆಯ ಅಧ್ಯಕ್ಷ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಕಾಲದಲ್ಲಿ ಸ್ವಯಂಸೇವಕರು ಮನೆ ಮನೆಗೆ ಔಷಧಿಯನ್ನೂ ಬಡವರಿಗೆ ಗಂಜಿಯನ್ನೂ ಮುಟ್ಟಿಸಿದರು. ಔಷಧಿಯ ಗುಣ ಎಷ್ಟೋ, ಗಂಜಿಯ ಗುಣವಂತೂ ನಿಜ. ಗಂಜಿಗೆ ರೋಗದ ಭೇದವಿಲ್ಲ; ಬೇರೆ ಕಾಯಿಲೆಯವನೂ ಅದನ್ನು ಕುಡಿದು ಉಳಿದಿರಬಹುದು.

ಮುಂದೆ 1920ರ ದಶಕದ ಕೊನೆಯಲ್ಲಿ ಮೈಸೂರು ಸರಕಾರ ರಾಕ್‌ಫೆಲರ್ ಫೌಂಡೇಷನ್ನಿನ ಜೊತೆ ಸೇರಿ ಮಲೇರಿಯಾದ ಅಧ್ಯಯನಕ್ಕೆ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲಿ ಒಂದು ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿತ್ತು. ಗದ್ದಲ ಮಾಡದೆ ವರ್ಷವೂ ಕೊಲ್ಲುವ ಕಾಯಿಲೆಯ ಕಡೆ ಆಗ ಗಮನ ಹೋಯಿತು.

ರೋಗ ಬರುವ ಮೊದಲೇ ಬಂದ ಸಂಕಟ

ಇನ್ನು 2020. ಕರ್ನಾಟಕ ಸರಕಾರ ಮಾರ್ಚ್ 11ರಂದು ಕೋವಿಡ್ ನಿಯಮಗಳನ್ನು ಹೊರಡಿಸಿದಾಗ ಕೈಗೆ ತೆಗೆದುಕೊಂಡದ್ದು ಪ್ಲೇಗಿನ ಕಾಲದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ. ಮಾರ್ಚ್ 20ರಂದು ಕೇಂದ್ರದ ಆರೋಗ್ಯ ಇಲಾಖೆ, ತುರ್ತಿಲ್ಲದ ಆಪರೇಷನ್ನುಗಳನ್ನು ಮುಂದೂಡಿ ಎಂದು ಆಸ್ಪತ್ರೆಗಳಿಗೆ ಹೇಳಿತು. ರೈಲು ನಿಂತಿತು. ಬಸ್ಸು ನಿಂತಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೊದಲ ಕೋವಿಡ್ ಪ್ರಕರಣಗಳು ವರದಿಯಾದದ್ದು ಮೇ 19ರಂದು. ಎಂದರೆ ಲಾಕ್‌ಡೌನ್ ಶುರುವಾದಂದಿನಿಂದ 55 ದಿನ ಈ ಜಿಲ್ಲೆಯಲ್ಲಿ ಲೆಕ್ಕಕ್ಕೆ ಸಿಕ್ಕ ಒಬ್ಬ ಸೋಂಕಿತನೂ ಇರಲಿಲ್ಲ. ಹಸಿರು ವಲಯ ಎಂದು ಕರೆದರು. ನಾವೂ ಹೆಮ್ಮೆಪಟ್ಟೆವು. ಆದರೆ ಆ 55 ದಿನಗಳೂ ಬೇರೆ ಕಾಯಿಲೆಯವರಿಗೆ ಹಸಿರಾಗಿರಲಿಲ್ಲ. ಶಿವಮೊಗ್ಗದಲ್ಲಿ ತೋರಿಸಿಕೊಳ್ಳುತ್ತಿದ್ದ ತರೀಕೆರೆಯ ಎದೆರೋಗಿಗೆ ಶಿವಮೊಗ್ಗ ಎಂದರೆ ಈಗ ಬೇರೆ ಜಿಲ್ಲೆ, ನಡುವೆ ಚೆಕ್‌ಪೋಸ್ಟ್. ದಾವಣಗೆರೆಗೆ ಹೋಗಬೇಕಾದ ಅಜ್ಜಂಪುರದವನಿಗೂ ಅದೇ. ಜಿಲ್ಲೆ ಜಿಲ್ಲೆಗಳ ನಡುವೆ ಸಾರಿಗೆ ಬಸ್ಸುಗಳು ಮತ್ತೆ ಓಡತೊಡಗಿದ್ದು ಮೇ 19ರಿಂದ. ಸ್ವಂತ ಕಾರಿದ್ದವನು ಪಾಸು ಮಾಡಿಸಿಕೊಂಡು ಹೋದ. ಕೂಲಿಯವನು, ಬೀದಿ ಬದಿ ವ್ಯಾಪಾರದವನು, ಗುಜರಿಯವನು, ಗ್ಯಾರೇಜಿನ ಹುಡುಗ ಹೋಗಲಿಲ್ಲ. ಪಟ್ಟಣಗಳಲ್ಲಿ ಎಷ್ಟೋ ಖಾಸಗಿ ಕ್ಲಿನಿಕ್ಕುಗಳು ಬಾಗಿಲು ಹಾಕಿದವು. 'ಸ್ವಲ್ಪ ದಿನ ತಡಿ, ಎಲ್ಲ ಸರಿ ಹೋಗಲಿ' ಎಂಬ ಮಾತು ಎಲ್ಲ ಮನೆಗಳಲ್ಲೂ ಕೇಳುತ್ತಿತ್ತು. ಕಣ್ಣಿನ ಪೊರೆಗೆ ತಡೆಯಬಹುದು. ಕ್ಯಾನ್ಸರಿನ ಗಡ್ಡೆಗೆ ತಡೆಯಲಾಗದು.

ಇದು ಪ್ಲೇಗಿಗಿಂತಲೂ ಇನ್‌ಫ್ಲುಯೆಂಜಾಕ್ಕಿಂತಲೂ ಬೇರೆಯಾದ ಸಂಗತಿ. ಆಗ ರೋಗ ಬಂದು ಆರೈಕೆಯನ್ನು ಕೆಡಿಸಿತು. ಈ ಸಲ ರೋಗ ಇನ್ನೂ ದೂರದಲ್ಲಿರುವಾಗಲೇ ಆರೈಕೆ ನಿಂತುಹೋಯಿತು. ಸೋಂಕು ತಡೆಯಲು ದಾರಿ ಮುಚ್ಚಬೇಕಿತ್ತು ಎಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ವ್ಯಾಧಿ ಇರುವ ಊರಿಗೆ ಹೋಗಬೇಡಿ, ಇರುವ ಊರಿನಿಂದ ಹೊರಡಬೇಡಿ ಎಂಬ ಪ್ರವಾದಿಯವರ ಮಾತು ಮುಸಲ್ಮಾನರ ಮಕ್ಕಳಿಗೂ ಗೊತ್ತು. ಹಿಜರಿ 18ರಲ್ಲಿ ಶಾಮ್ ದೇಶದಲ್ಲಿ ಪ್ಲೇಗು ಇದೆಯೆಂದು ತಿಳಿದು ಖಲೀಫ ಉಮರ್ ಅರ್ಧ ದಾರಿಯಿಂದಲೇ ಹಿಂದಿರುಗಿದ್ದರು. ನಮ್ಮ ಪ್ರಶ್ನೆ ಬೇರೆ. ಮುಚ್ಚುವ ಬಾಗಿಲಿನಲ್ಲಿ ರೋಗಿಗೆಂದು ಒಂದು ಕಿಂಡಿ ಇತ್ತೆ?

ಕಾಗದದ ಮೇಲೆ ಇತ್ತು. ಹೆರಿಗೆ, ಲಸಿಕೆ, ಡಯಾಲಿಸಿಸ್, ಕ್ಷಯ ಮುಂತಾದ ಸೇವೆಗಳು ನಿಲ್ಲಬಾರದೆಂದು ಕೇಂದ್ರದ ಆರೋಗ್ಯ ಇಲಾಖೆ ಸೂಚನೆ ಹೊರಡಿಸಿತು. ಅದರ ತಾರೀಖು ಏಪ್ರಿಲ್ 14. ಬಾಗಿಲು ಹಾಕಿ ಆಗಲೇ ಮೂರು ವಾರವಾಗಿತ್ತು. ಆ ಸೇವೆಗಳನ್ನು ಮನೆ ಬಾಗಿಲಿಗೆ ಮುಟ್ಟಿಸಬೇಕಾದವರು ಯಾರು? ಆಶಾ ಕಾರ್ಯಕರ್ತೆಯರು. ಬಸುರಿಯರ ಪಟ್ಟಿ ಅವರ ಕೈಯಲ್ಲಿ, ಕ್ಷಯದ ಮಾತ್ರೆ ಅವರ ಚೀಲದಲ್ಲಿ. ಅವರನ್ನೇ ಕೋವಿಡ್ ಸಮೀಕ್ಷೆಗೆ ಮನೆ ಮನೆ ತಿರುಗಿಸಿದರು. ಜುಲೈ 2020ರಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ, ಸರಿಯಾದ ಮಾಸ್ಕು ಮತ್ತಿತರ ರಕ್ಷಣೆ ಕೇಳಿ ಕರ್ನಾಟಕದ ಆಶಾಗಳು ಮುಷ್ಕರಕ್ಕೇ ಇಳಿಯಬೇಕಾಯಿತು.

ಇನ್ನು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ. ಪ್ಲೇಗಿನ ಕಾಲದಲ್ಲಿ ಎದ್ದ ಆ ಬಡವರ ಆಸ್ಪತ್ರೆಯನ್ನು ಮಾರ್ಚ್ 2020ರ ಕೊನೆಯಲ್ಲಿ ಕೋವಿಡ್‌ಗೆಂದೇ ಮೀಸಲಿಟ್ಟರು. ಬೇರೆ ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಕಳಿಸಿದರು. ಮಂಗಳೂರಿನ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯಲ್ಲೂ ಹಾಗೆಯೇ ಮಾಡಿದರು. ಕಾಸಿಲ್ಲದವರು ಹೋಗುತ್ತಿದ್ದ ದೊಡ್ಡ ಸರಕಾರಿ ಆಸ್ಪತ್ರೆಯನ್ನೇ ಮೊದಲು ಖಾಲಿ ಮಾಡಿಸುವುದು ದೇಶದ ಉದ್ದಗಲಕ್ಕೂ ನಡೆಯಿತು. ಖಾಲಿಯಾದ ಹಾಸಿಗೆಗಳಲ್ಲಿ ಮಲಗುತ್ತಿದ್ದವರು ಯಾರು, ಅವರು ಮುಂದೆ ಎಲ್ಲಿ ಮಲಗಿದರು ಎಂಬ ಪಟ್ಟಿಯನ್ನು ಯಾರೂ ಪ್ರಕಟಿಸಲಿಲ್ಲ.

ತಲಪಾಡಿಯಲ್ಲಿ ನಿಂತ ಆಂಬುಲೆನ್ಸ್

ದಾರಿಯೇ ಆಸ್ಪತ್ರೆಯಾದವರ ಪಾಡು ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ನಮ್ಮ ನಾಡಿನ ಗಡಿಯಲ್ಲಿ. ಕಾಸರಗೋಡು ಆಡಳಿತಕ್ಕೆ ಕೇರಳದ ಜಿಲ್ಲೆ. ಆದರೆ ಅಲ್ಲಿಯ ಕನ್ನಡ, ತುಳು, ಮಲಯಾಳ, ಬ್ಯಾರಿ ಮಾತಾಡುವ ಜನಕ್ಕೆ ಆಸ್ಪತ್ರೆ ಎಂದರೆ ತಲತಲಾಂತರದಿಂದ ಮಂಗಳೂರು. ಡಯಾಲಿಸಿಸ್, ಹೃದಯ, ಕಷ್ಟದ ಹೆರಿಗೆ ಎಲ್ಲಕ್ಕೂ ತಲಪಾಡಿ ದಾಟಿ ಬರುತ್ತಿದ್ದರು. ಮಾರ್ಚ್ 2020ರಲ್ಲಿ ಕಾಸರಗೋಡಿನಲ್ಲಿ ಸೋಂಕು ಹೆಚ್ಚಾದಾಗ ಕರ್ನಾಟಕ ಸರಕಾರ ಗಡಿ ಮುಚ್ಚಿತು. ಕೆಲವು ಕಡೆ ರಸ್ತೆಗೆ ಮಣ್ಣು ಸುರಿದರು. ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು. ಮಂಗಳೂರು ತಲುಪಲಾಗದೆ ಹಲವರು ತೀರಿಕೊಂಡರೆಂದು ಆ ದಿನಗಳಲ್ಲಿ ಪತ್ರಿಕೆಗಳು ಬರೆದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ಮಧ್ಯೆ ಬರಬೇಕಾಯಿತು. ಏಪ್ರಿಲ್ 7ರಂದು ಎರಡೂ ಸರಕಾರಗಳು ಒಪ್ಪಂದಕ್ಕೆ ಬಂದಿವೆ ಎಂದು ಕೇಂದ್ರ ಸರಕಾರ ಕೋರ್ಟಿಗೆ ತಿಳಿಸಿತು. ಕೇರಳ ಆ ವಾರವೇ ಉಕ್ಕಿನಡ್ಕದ ಅರೆಬರೆ ಕಟ್ಟಿದ್ದ ಮೆಡಿಕಲ್ ಕಾಲೇಜನ್ನು ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು.

ಅದು ಎರಡು ರಾಜ್ಯಗಳ ಗಡಿಯಾದ್ದರಿಂದ ಸುದ್ದಿಯಾಯಿತು. ತರೀಕೆರೆಯ ರೋಗಿ ದಾಟಲಾರದೆ ಉಳಿದ ಜಿಲ್ಲೆಯ ಗಡಿಗೆ ಹೈಕೋರ್ಟೂ ಇರಲಿಲ್ಲ, ಕ್ಯಾಮರಾವೂ ಇರಲಿಲ್ಲ.

ಇದರ ಮೇಲೆ ಇನ್ನೊಂದು ಹೊರೆ. ಮಾರ್ಚ್ ಕೊನೆಯಲ್ಲಿ ದಿಲ್ಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ಸೋಂಕು ಕಂಡ ಮೇಲೆ ರೋಗಕ್ಕೇ ಒಂದು ಮತ ಹಚ್ಚಿದರು. ಟಿ.ವಿ.ಯಲ್ಲಿ ಹಗಲೂ ರಾತ್ರಿ ಅದೇ ಮಾತು. ಆಗಸ್ಟ್ 2020ರಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಮರ್ಕಜ್‌ಗೆ ಬಂದ ವಿದೇಶಿಯರ ಮೇಲಿನ ಕೇಸುಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಗಿದೆ ಎಂಬ ಅರ್ಥದ ಮಾತು ಹೇಳಿತು. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದು ಯಾರ ಉಪಯೋಗಕ್ಕೂ ಬರಲಿಲ್ಲ. ಗಡ್ಡ ಟೋಪಿಯವನು ಕೆಮ್ಮಿದರೆ ಜನ ದೂರ ಸರಿಯುತ್ತಿದ್ದ ದಿನಗಳಲ್ಲಿ, ಹಳೆಯ ಉಬ್ಬಸದ ಮುದುಕ ಜ್ವರದ ಕ್ಲಿನಿಕ್ಕಿನ ಸಾಲಿನಲ್ಲಿ ನಿಲ್ಲುವುದಾದರೂ ಹೇಗೆ? ಗಂಜಾಂನ ಕಾಲದ ಭಯ ಬೇರೆ ವೇಷದಲ್ಲಿ ಬಂದಿತ್ತು. ಸೋಂಕಿನ ಭಯಕ್ಕಿಂತ ಸೋಂಕಿತ ಎನಿಸಿಕೊಳ್ಳುವ ಭಯ ದೊಡ್ಡದು.

ಆಮೇಲೆ ಬಂದ ಅಂಕಿಗಳು

ಬಾರದ ರೋಗಿಗಳ ಸಂಖ್ಯೆ ತಿಳಿದದ್ದು ಆಮೇಲೆ, ಡಾಕ್ಟರುಗಳ ಸಂಘಗಳು ತಾವೇ ಲೆಕ್ಕ ಹಾಕಿದಾಗ. ದೇಶದ 187 ಆಸ್ಪತ್ರೆಗಳಲ್ಲಿ ಮಾರ್ಚ್ 15ರಿಂದ ಜೂನ್ 14ರವರೆಗೆ ಹೃದಯಾಘಾತವಾಗಿ ದಾಖಲಾದವರು 2019ರಲ್ಲಿ 25,414, 2020ರಲ್ಲಿ 16,414. ಶೇಕಡಾ 35ರಷ್ಟು ಇಳಿಕೆ. ಲಾಕ್‌ಡೌನ್ ಆಯಿತೆಂದು ಹೃದಯಗಳು ಅಷ್ಟೊಂದು ಗಟ್ಟಿಯಾದವೆಂದು ನಂಬುವುದು ಕಷ್ಟ. 41 ಕ್ಯಾನ್ಸರ್ ಕೇಂದ್ರಗಳಲ್ಲಿ ಮಾರ್ಚ್‌ನಿಂದ ಮೇ ತನಕ ಹೊಸದಾಗಿ ಹೆಸರು ಬರೆಸಿದವರು ಹಿಂದಿನ ವರ್ಷದ 1,12,270ರಿಂದ 51,760ಕ್ಕೆ ಇಳಿದರು. 19 ದೊಡ್ಡ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ 2,517 ಜನರಲ್ಲಿ 710 ಮಂದಿಗೆ ಒಂದೋ ಹೆಚ್ಚೋ ಸರದಿ ತಪ್ಪಿತು. 104 ಮಂದಿ ಬರುವುದನ್ನೇ ನಿಲ್ಲಿಸಿದರು. ವಾರಕ್ಕೆ ಎರಡು ಮೂರು ಸಲ ರಕ್ತ ಶುದ್ಧಿಯಾಗಬೇಕಾದವನು ಬರುವುದು ನಿಲ್ಲಿಸಿದ ಎಂದರೆ ಏನಾಗಿರಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕ್ಷಯದ ಕತೆ ಇನ್ನೂ ದೊಡ್ಡದು. 2019ರಲ್ಲಿ ದೇಶದಲ್ಲಿ 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಸುಮಾರು 18 ಲಕ್ಷ. ಉಳಿದವರು ಗುಣವಾಗಿರಲಿಲ್ಲ. ಕೆಮ್ಮುತ್ತ ಮನೆಯಲ್ಲೇ ಕೂತು ಮನೆಯವರಿಗೂ ಹಂಚಿದರು. ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಇಳಿಯುತ್ತ ಬಂದಿದ್ದ ಕ್ಷಯದ ಸಾವುಗಳು ಜಗತ್ತಿನಲ್ಲಿ 2020ರಲ್ಲಿ ಮತ್ತೆ ಏರಿದವು.

ಇದು ನಮ್ಮ ದೇಶದ ಹಣೆಬರಹ ಮಾತ್ರವಲ್ಲ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾ ಬಂದಾಗ ಅದರಿಂದ 11,300ಕ್ಕೂ ಹೆಚ್ಚು ಜನ ಸತ್ತರು. ಆ ಅವಧಿಯಲ್ಲಿ ಆಸ್ಪತ್ರೆಗಳು ಕೆಟ್ಟು ಮಲೇರಿಯಾ, ಏಡ್ಸ್, ಕ್ಷಯಗಳಿಂದ ಹೆಚ್ಚುವರಿಯಾಗಿ ಸತ್ತವರೂ 10,600ರಷ್ಟು ಎಂದು ಸಂಶೋಧಕರು ಅಂದಾಜು ಮಾಡಿದರು. ಹೆಚ್ಚು ಕಡಿಮೆ ಒಂದಕ್ಕೆ ಒಂದು. ಕೋವಿಡ್ ಬರುವ ಮೊದಲೇ ಈ ಪಾಠ ಪುಸ್ತಕದಲ್ಲಿತ್ತು.

ನಮ್ಮ ತಾಲೂಕುಗಳ ಲೆಕ್ಕ ಮಾತ್ರ ಈ ಅಂಕಿಗಳಲ್ಲಿ ಕಾಣುವುದಿಲ್ಲ. ದೊಡ್ಡ ಆಸ್ಪತ್ರೆಗೆ ಬಂದು ಹೆಸರು ಬರೆಸಿದವನು ತಪ್ಪಿಸಿಕೊಂಡರೆ ಗೊತ್ತಾಗುತ್ತದೆ. ಮನೆಯಲ್ಲೇ ಎದೆ ಹಿಡಿದುಕೊಂಡು ಸತ್ತವನು ಗೊತ್ತಾಗುವುದಿಲ್ಲ. 2020ರಲ್ಲಿ ಇಡೀ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದು ಕೊಟ್ಟದ್ದು ಶೇಕಡಾ 22.5ಕ್ಕೆ ಮಾತ್ರ. ಶಾನುಭೋಗರ 'ಜ್ವರ'ದ ಕಾಲಂ ಹೋಗಿ ನೂರು ವರ್ಷವಾದರೂ ನಾವು ಬಹಳ ದೂರ ಬಂದಿಲ್ಲ.

ಎರಡು ಬಾಗಿಲು

ಸಾಂಕ್ರಾಮಿಕ ಇದ್ದಾಗ ಎಲ್ಲರನ್ನೂ ಒಂದೇ ಕಡೆ ಸೇರಿಸಲಾಗದು, ನಿಜ. ಆದರೆ ಬೇರೆ ಬೇರೆ ಇಡುವುದು ಹೊಸ ವಿದ್ಯೆಯೇನಲ್ಲ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಬೀಮಾರಿಸ್ತಾನದಲ್ಲಿ ಜ್ವರದವರಿಗೆ, ಕಣ್ಣಿನವರಿಗೆ, ಶಸ್ತ್ರಚಿಕಿತ್ಸೆಯವರಿಗೆ, ಬೇಧಿಯವರಿಗೆ, ಹೆಂಗಸರಿಗೆ ಬೇರೆ ಬೇರೆ ವಿಭಾಗಗಳಿದ್ದವು. ಖರ್ಚು ವಕ್ಫ್ ಆದಾಯದಿಂದ. ಒಂದು ರೋಗದವರು ಹೆಚ್ಚಾದರೆಂದು ಇನ್ನೊಂದು ರೋಗದವರನ್ನು ಹೊರಗೆ ಹಾಕದಿರುವ ಏರ್ಪಾಡು ಕಟ್ಟಡದಲ್ಲೇ ಇತ್ತು. ಉರ್ದುವಿನಲ್ಲಿ ರೋಗಿಯನ್ನು ಕಂಡು ವಿಚಾರಿಸುವುದಕ್ಕೆ 'ಇಯಾದತ್' ಎಂಬ ಪದವಿದೆ. ಮುಸಲ್ಮಾನನಿಗೆ ಅದು ಕರ್ತವ್ಯ. ಯಾವ ರೋಗ ಎಂದು ಕೇಳಿ ಆಮೇಲೆ ಹೋಗಬೇಕೆಂದು ಅದರಲ್ಲಿಲ್ಲ.

ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. ಹಕೀಂ ಶೇಖ್ ಎಂಬ ಬಂಗಾಳದ ಕೂಲಿ ಕಾರ್ಮಿಕ ಜುಲೈ 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ, ಕಲ್ಕತ್ತೆಯ ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆ ಇಲ್ಲವೆಂದು ತಿರುಗಿಸಿ ಕಳಿಸಿದವು. ಕೊನೆಗೆ ಅವರು ಖಾಸಗಿ ಆಸ್ಪತ್ರೆಗೆ ದುಡ್ಡು ತೆರಬೇಕಾಯಿತು. ಅವರು ಮತ್ತು ಕೃಷಿ ಕೂಲಿಕಾರರ ಸಂಘ ಹಾಕಿದ ಅರ್ಜಿಯ ಮೇಲೆ 1996ರಲ್ಲಿ ಸುಪ್ರೀಂ ಕೋರ್ಟು, ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಧಕ್ಕೆ ಎಂದು ತೀರ್ಪು ನೀಡಿತು. ದುಡ್ಡಿನ ಕೊರತೆಯ ನೆಪವನ್ನೂ ಒಪ್ಪಲಿಲ್ಲ. ಸಾಂಕ್ರಾಮಿಕದ ದಿನಗಳಿಗೆ ಈ ತೀರ್ಪು ಅನ್ವಯಿಸುವುದಿಲ್ಲ ಎಂದು ಯಾರೂ ಹೇಳಿಲ್ಲ.

ಹಾಗಾದರೆ ನಮ್ಮ ತಾಲೂಕುಗಳಿಗೆ ಏನು ಬೇಕು? ಕಡೂರು, ತರೀಕೆರೆ, ಅಜ್ಜಂಪುರದ ಸರಕಾರಿ ಆಸ್ಪತ್ರೆಗಳಲ್ಲಿ ಸೋಂಕಿನವರಿಗೆ ಒಂದು ಬಾಗಿಲು, ಉಳಿದವರಿಗೆ ಇನ್ನೊಂದು ಬಾಗಿಲು ಬೇಕು. ಎರಡನೆಯದು ಯಾವ ಕಾಲಕ್ಕೂ ಮುಚ್ಚಬಾರದು. ಡಾಕ್ಟರ ಚೀಟಿಯೇ ಚೆಕ್‌ಪೋಸ್ಟಿನಲ್ಲಿ ಪಾಸು ಆಗಬೇಕು. ಶಿವಮೊಗ್ಗ, ದಾವಣಗೆರೆ, ಹಾಸನಕ್ಕೆ ರೋಗಿಗಳ ವಾಹನವೊಂದು ದಿನವೂ ಹೋಗಿ ಬರಬೇಕು. ಸಕ್ಕರೆ, ಬಿ.ಪಿ., ಕ್ಷಯ, ಮೂರ್ಛೆರೋಗದ ಮಾತ್ರೆಗಳನ್ನು ಎರಡು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಡಬೇಕು. ಆಶಾಗಳಿಗೆ ಹೊಸ ಕೆಲಸ ಹೇರುವುದಾದರೆ ಹಳೆಯ ಕೆಲಸಕ್ಕೆ ಬೇರೆ ಜನ ಬೇಕು, ಕೈ ತುಂಬ ಸಂಬಳವೂ ಬೇಕು. ನಮ್ಮ ಜಮಾಅತ್, ಸಂಘ, ಮಠ, ಚರ್ಚುಗಳು 2020ರಲ್ಲಿ ಅಕ್ಕಿ ಬೇಳೆಯ ಕಿಟ್ಟು ಹಂಚಿದವು. ಅದರ ಜೊತೆಗೆ ತಮ್ಮ ಓಣಿಯ ಕಿಡ್ನಿ ರೋಗಿಗಳ, ಬಸುರಿಯರ, ಮಾತ್ರೆ ನುಂಗುವ ಮುದುಕರ ಒಂದು ಪಟ್ಟಿ ಇಟ್ಟುಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಕೋವಿಡ್ ದಿನಗಳಲ್ಲಿ ಸಂಜೆಯಾದರೆ ಒಂದು ಬುಲೆಟಿನ್ ಬರುತ್ತಿತ್ತು. ಇಂದು ಇಷ್ಟು ಸೋಂಕು, ಇಷ್ಟು ಗುಣ, ಇಷ್ಟು ಸಾವು. ಮುಂದೆ ಯಾವುದಾದರೂ ರೋಗ ಹೀಗೆಯೇ ಬಂದರೆ ಆ ಬುಲೆಟಿನ್ನಿನ ಕೆಳಗೆ ಇನ್ನೂ ಒಂದು ಸಾಲು ಇರಲಿ. ಇಂದು ಡಯಾಲಿಸಿಸ್ಸಿಗೆ ಬರಬೇಕಾದವರು ಇಷ್ಟು, ಬಂದವರು ಇಷ್ಟು. ಹೆರಿಗೆಗೆ ಬರಬೇಕಾದವರು ಇಷ್ಟು, ಬಂದವರು ಇಷ್ಟು. ಬಾರದವರ ಮನೆಗೆ ಮಾರನೆಯ ದಿನ ಯಾರಾದರೂ ಒಬ್ಬರು ಹೋಗಿ ವಿಚಾರಿಸಿ ಬರಲಿ.